ಬಿಗಿಗೊಂದು ಅಳತೆ

(ಬಾನುಲಿ ಭಾಷಣ)



ಮೋಟಾರು ವಾಹನಗಳ ದುರಸ್ತಿಯ ವಿಷಯದಲ್ಲಿ ಜನಸಾಮಾನ್ಯರಲ್ಲಿ ಬೇರೂರಿರುವ ನಂಬಿಕೆಗಳ ಪೈಕಿ, ಬಿಗಿಯು ಹೆಚ್ಚಿದಷ್ಟೂ ಭದ್ರತೆಯು ಹೆಚ್ಚುವುದೆಂಬ ನಂಬಿಕೆಯಷ್ಟು ಪ್ರಬಲವೂ ಹಾನಿಕರವೂ ಆದುದು ಮತ್ತೊಂದಿಲ್ಲವೆಂದು ಹೇಳಿ ಈ ಭಾಷಣವನ್ನು ಆರಂಭಿಸುತ್ತೇನೆ. ಸಡಿಲವಾದ ನಟ್ಟು ಕಳಚಿ ಬಿದ್ದುದನ್ನು ಎಲ್ಲರೂ ಕಂಡಿದ್ದಾರೆ. ಆದರೆ ಅತಿಯಾಗಿ ಬಿಗಿದ ಬೋಲ್ಟು ತಾನು ಹಿಡಿದ ಭಾಗವನ್ನು ಒಳಗೊಳಗೇ ಸೀಳುತ್ತ, ತನ್ನ ತಿರುಪಿನ ಸುತ್ತುಗಳನ್ನು ತಾನೇ ಹರಿದುಕೊಳ್ಳುತ್ತ, ತಿಂಗಳುಗಟ್ಟಲೆ ಏನೂ ಆಗದಂತೆ ಇದ್ದು, ಒಂದು ದಿನ ಮರುಭೂಮಿಯ ನಡುವಣ ಹೆದ್ದಾರಿಯಲ್ಲಿ ಕೈಕೊಡುವುದನ್ನು ಕಂಡವರು ವಿರಳರು. ಕಂಡವರಲ್ಲಿಯೂ ಅದಕ್ಕೆ ಕಾರಣ ಅತಿಬಿಗಿಯೆಂದು ಅರಿತವರು ಮತ್ತಷ್ಟು ವಿರಳರು. ಕೆಟ್ಟ ಭಾಗವನ್ನು ಕಿತ್ತೆಸೆದು ಹೊಸದನ್ನು ಹಾಕಿ, ಅದನ್ನೂ ಹಳೆಯದರಂತೆಯೇ ಉಸಿರು ಬಿಗಿಹಿಡಿದು ಬಿಗಿದು, ಸಮಾಧಾನಪಟ್ಟುಕೊಂಡು ಹೊರಡುವುದು ನಮ್ಮಲ್ಲಿ ವಾಡಿಕೆಯಾಗಿದೆ.

ಕತಾರಿನಲ್ಲಿ ನೆಲೆಸಿರುವ ನಮ್ಮವರಿಗೆ ಈ ವಿಷಯವು ದೂರದ್ದಲ್ಲ. ದೋಹಾ ನಗರದ ನೈಋತ್ಯಕ್ಕೆ, ಸಲ್ವಾ ರಸ್ತೆಯ ಆಸುಪಾಸಿನಲ್ಲಿ, ಸನಾಯಿಯಾ ಎಂದು ಎಲ್ಲರ ಬಾಯಲ್ಲಿಯೂ ನಲಿಯುವ ಕೈಗಾರಿಕಾ ಪ್ರದೇಶದಲ್ಲಿ, ಹೆಸರಿನಿಂದಲ್ಲದೆ ಅಂಕೆಗಳಿಂದಲೇ ಗುರುತಿಸಲ್ಪಡುವ ಬೀದಿಗಳ ಇಕ್ಕೆಲಗಳಲ್ಲಿ ಗ್ಯಾರೇಜುಗಳು ಹೆಗಲಿಗೆ ಹೆಗಲು ತಾಗಿಸಿ ನಿಂತಿವೆ. ಅಲ್ಲಿ ಮಂಗಳೂರು, ಉಡುಪಿ, ಕುಂದಾಪುರ, ಭಟ್ಕಳಗಳಿಂದಲೂ ಕಾಸರಗೋಡಿನಿಂದಲೂ ಬಂದ ಮೆಕ್ಯಾನಿಕರು ಕೇರಳದವರೊಡನೆಯೂ ನೇಪಾಳದವರೊಡನೆಯೂ ಕೂಡಿ ದುಡಿಯುತ್ತಾರೆ. ತುಳು, ಬ್ಯಾರಿ, ಮಲಯಾಳ, ಹಿಂದಿ, ಕನ್ನಡಗಳು ಒಂದೇ ಕಾರಿನ ಬಾನೆಟ್ಟಿನ ಕೆಳಗೆ ಸಂಧಿಸುತ್ತವೆ. 2019ರಲ್ಲಿ ದೋಹಾ ಮೆಟ್ರೋ ಆರಂಭವಾದ ಮೇಲೆಯೂ, ಈ ದೇಶದ ಬದುಕು ಬಹುಪಾಲು ಸ್ವಂತ ವಾಹನವನ್ನೇ ಅವಲಂಬಿಸಿದೆ. ಇಸ್ತಿಮಾರಾ ಎಂಬ ನೋಂದಣಿ ಪತ್ರವನ್ನು ನವೀಕರಿಸುವ ಮುನ್ನ, ಹೊಸತನ ಕಳೆದ ಗಾಡಿಗಳೆಲ್ಲವೂ ಫಾಹೆಸ್ ತಪಾಸಣಾ ಕೇಂದ್ರದ ಪರೀಕ್ಷೆಯನ್ನು ದಾಟಬೇಕು. ಆದುದರಿಂದ ಆ ಗಡುವು ಸಮೀಪಿಸಿದಾಗ ಸನಾಯಿಯಾದ ಗ್ಯಾರೇಜಿಗೆ ಧಾವಿಸುವುದು ಇಲ್ಲಿನ ಸಂಸಾರಿಗಳ ವಾರ್ಷಿಕ ಕರ್ಮಗಳಲ್ಲಿ ಒಂದಾಗಿದೆ.

ಈಗ ಬಿಗಿಯೆಂಬುದರ ಮರ್ಮವನ್ನು ವಿಚಾರ ಮಾಡೋಣ. ಬೋಲ್ಟೆಂಬುದು ಎರಡು ವಸ್ತುಗಳನ್ನು ಜೋಡಿಸುವ ಬರಿಯ ಕಡ್ಡಿಯಲ್ಲ, ಅದೊಂದು ಸ್ಪ್ರಿಂಗು. ನಾವು ಅದರ ತಲೆಯನ್ನು ತಿರುಗಿಸಿದಂತೆಲ್ಲ ಅದರ ದೇಹವು ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾಗಿ ಹಿಗ್ಗುತ್ತದೆ; ಹಿಗ್ಗಿದುದು ತನ್ನ ಮೊದಲಿನ ಉದ್ದಕ್ಕೆ ಮರಳಲು ಹವಣಿಸುವುದರಿಂದಲೇ ಭಾಗಗಳೆರಡೂ ಪರಸ್ಪರ ಒತ್ತಲ್ಪಟ್ಟು ನಿಲ್ಲುತ್ತವೆ. ಎಳೆತವು ಹೆಚ್ಚಿದ ಪ್ರಮಾಣದಲ್ಲಿಯೇ ಹಿಗ್ಗುವಿಕೆಯೂ ಹೆಚ್ಚುವುದೆಂಬ ನಿಯಮವನ್ನು ರಾಬರ್ಟ್ ಹುಕ್ ಎಂಬ ಆಂಗ್ಲ ವಿಜ್ಞಾನಿ 1678ರಲ್ಲಿ ಪ್ರಕಟಿಸಿದನು. ಆದರೆ ಆ ನಿಯಮಕ್ಕೆ ಒಂದು ಎಲ್ಲೆಯುಂಟು. ಎಲ್ಲೆಯೊಳಗೆ ಹಿಗ್ಗಿದ ಲೋಹವು ಬಿಟ್ಟೊಡನೆ ಪೂರ್ವಸ್ಥಿತಿಗೆ ಬರುವುದು. ಎಲ್ಲೆಯನ್ನು ದಾಟಿದ ಲೋಹವು ಶಾಶ್ವತವಾಗಿ ನೀಳವಾಗಿ, ತನ್ನ ಹಿಡಿತದ ಶಕ್ತಿಯನ್ನು ಕಳೆದುಕೊಳ್ಳಬಹುದು. ಅತಿಯಾಗಿ ಬಿಗಿದ ಬೋಲ್ಟು ಕೆಲವೊಮ್ಮೆ ಸಡಿಲವಾದ ಬೋಲ್ಟಿಗಿಂತಲೂ ದುರ್ಬಲವಾಗಿರುವುದಕ್ಕೆ ಕಾರಣ ಇದೇ.

ಬೋಲ್ಟಿನ ತಲೆಗೆ ನಾವು ಕೊಡುವ ತಿರುಚುಬಲವನ್ನು, ಅಂದರೆ ಗ್ಯಾರೇಜಿನವರೆಲ್ಲ ಟಾರ್ಕು ಎನ್ನುವುದನ್ನು, ನ್ಯೂಟನ್ ಮೀಟರುಗಳಲ್ಲಿ ಅಳೆಯುತ್ತಾರೆ. ಒಂದು ನ್ಯೂಟನ್ನು ಸುಮಾರು ನೂರು ಗ್ರಾಮಿನ ತೂಕಕ್ಕೆ ಸಮ. ಹತ್ತು ಸೆಂಟಿಮೀಟರು ಉದ್ದದ ಪುಟ್ಟ ಸ್ಪ್ಯಾನರಿನ ತುದಿಯಲ್ಲಿ ಹತ್ತು ಕಿಲೋ ತೂಕದಷ್ಟು ಬಲವನ್ನು ಹಾಕಿದರೆ ಹತ್ತು ನ್ಯೂಟನ್ ಮೀಟರಾಯಿತು. ಎಂಜಿನಿನ ಮೇಲ್ಮುಚ್ಚಳವನ್ನು ಹಿಡಿದಿರುವ ಆರು ಮಿಲಿಮೀಟರು ವ್ಯಾಸದ ಸಣ್ಣ ಬೋಲ್ಟುಗಳು ಸಾಮಾನ್ಯವಾಗಿ ಬಯಸುವುದು ಅಷ್ಟನ್ನೇ. ದುಡಿದು ಗಟ್ಟಿಯಾದ ತೋಳಿಗೆ ಇಪ್ಪತ್ತು ಮೂವತ್ತು ಕಿಲೋ ಬಲ ಲೆಕ್ಕಕ್ಕೇ ಇಲ್ಲ. ಆ ತೋಳು ಮೈಮರೆತು ಎಳೆದರೆ ಬೋಲ್ಟು ಕತ್ತರಿಸಿಹೋಗುವುದು, ಇಲ್ಲವೆ ಅದು ಕುಳಿತ ಅಲ್ಯೂಮಿನಿಯಮ್ಮಿನ ಥ್ರೆಡ್ಡು ಬೂದಿಯಂತೆ ಉದುರುವುದು. ಇನ್ನು ಟೊಯೋಟಾ ಕೊರೋಲಾ ಗಾಡಿಯ ಚಕ್ರದ ನಟ್ಟಿಗೆ ತಯಾರಕರು ಸೂಚಿಸುವ ಬಿಗಿಯು 103 ನ್ಯೂಟನ್ ಮೀಟರು. ಎಪ್ಪತ್ತು ಕಿಲೋ ತೂಕದ ಮನುಷ್ಯನು ನಲವತ್ತು ಸೆಂಟಿಮೀಟರು ಉದ್ದದ ಸ್ಪ್ಯಾನರಿನ ಮೇಲೆ ಕಾಲಿಟ್ಟು ನಿಂತರೆ ಸುಮಾರು 275 ನ್ಯೂಟನ್ ಮೀಟರು ಬಿಗಿಯಾಗುವುದು. ದಾರಿಯ ಬದಿಯಲ್ಲಿ ಚಕ್ರ ಬದಲಿಸುವಾಗ ಹಾಗೆ ನಿಂತು ಒಮ್ಮೆ ಕುಲುಕಿ ತೃಪ್ತಿಪಟ್ಟವರು ನಮ್ಮಲ್ಲಿ ಎಷ್ಟೋ ಮಂದಿ ಇರಬಹುದು; ಅವರು ಕೊಟ್ಟುದು ಬೇಕಾದುದರ ಎರಡೂವರೆ ಪಟ್ಟಿಗೂ ಹೆಚ್ಚು.

ಚಕ್ರದ ಸಂಗತಿಯಲ್ಲಿ ಪ್ರಮಾಣದಷ್ಟೇ ಕ್ರಮವೂ ಮುಖ್ಯ. ನಮ್ಮ ಕರಾವಳಿಯವರಿಗೆ ಯಕ್ಷಗಾನದ ಮದ್ದಳೆಯು ಚಿರಪರಿಚಿತ. ಅದರ ಮುಚ್ಚಿಗೆಯನ್ನು ಸುತ್ತಲಿನ ಬಾರುಗಳು ಎಲ್ಲ ಕಡೆಯೂ ಸಮನಾಗಿ ಎಳೆದಿದ್ದರೆ ಮಾತ್ರ ಶ್ರುತಿ ನಿಲ್ಲುವುದು. ಒಂದು ಮಗ್ಗುಲು ಬಿಗಿದು ಇನ್ನೊಂದು ಮಗ್ಗುಲು ಸೋತಿದ್ದರೆ, ಎಂತಹ ಮದ್ದಳೆಗಾರನ ಬೆರಳಿಗೂ ಅದು ಒಲಿಯದು. ಚಕ್ರವು ಕೂರುವ ಬ್ರೇಕಿನ ಡಿಸ್ಕೂ ಅಂತಹುದೇ. ಐದು ನಟ್ಟುಗಳನ್ನು ಮೊದಲು ಬೆರಳಿನಿಂದಲೇ ಕೂರಿಸಿ, ಅನಂತರ ಒಂದನ್ನು ಬಿಗಿದ ಮೇಲೆ ಪಕ್ಕದ್ದನ್ನು ಬಿಟ್ಟು ಎದುರಿನದಕ್ಕೆ ಹೋಗಿ, ನಕ್ಷತ್ರವನ್ನು ಬರೆಯುವಂತೆ ಎರಡು ಮೂರು ಆವೃತ್ತಿಗಳಲ್ಲಿ ಪೂರ್ಣಪ್ರಮಾಣಕ್ಕೆ ತರಬೇಕು. ನಟ್ಟು ಬಿಗಿಯುವ ಗಾಳಿಯ ಗನ್ನನ್ನು ಒಂದಾದ ಮೇಲೊಂದರಂತೆ ಸುತ್ತಲೂ ಒತ್ತಿಬಿಟ್ಟರೆ ಡಿಸ್ಕು ಅತಿಸೂಕ್ಷ್ಮವಾಗಿ ಓರೆಯಾಗಬಹುದು. ಆಗ ಬ್ರೇಕು ತುಳಿದಾಗ ಸ್ಟಿಯರಿಂಗು ನಡುಗಲಾರಂಭಿಸುವುದು. ಮಾಲಿಕನು ಡಿಸ್ಕನ್ನು ದೂರುವನು, ಪ್ಯಾಡನ್ನು ದೂರುವನು, ತಯಾರಿಸಿದ ದೇಶವನ್ನೇ ದೂರುವನು. ಮೆಸಯೀದಿನ ಆಚೆ ಸೀಲೈನಿನ ಮರಳುದಿಬ್ಬಗಳಿಗೆ ಗಾಡಿಯನ್ನು ಕೊಂಡೊಯ್ಯುವ ಉತ್ಸಾಹಿಗಳಿಗಂತೂ, ಚಕ್ರವನ್ನು ಕಳಚಿ ಹಾಕಿಸಿದ ಬಳಿಕ ಐವತ್ತರಿಂದ ನೂರು ಕಿಲೋಮೀಟರು ಓಡಿದ ಮೇಲೆ ಮತ್ತೊಮ್ಮೆ ಬಿಗಿಯನ್ನು ಪರೀಕ್ಷಿಸಿರೆಂದು ಒತ್ತಿ ಹೇಳುತ್ತೇನೆ.

ಸುಕುಮಾರವಾದ ಭಾಗಗಳ ಪೈಕಿ ಸ್ಪಾರ್ಕ್ ಪ್ಲಗ್ಗಿನ ಮಾತನ್ನು ನಾನು ಸ್ವಲ್ಪ ವಿಸ್ತರಿಸಿಯೇ ಹೇಳಬೇಕು. ಬೆಂಗಳೂರಿನ ಮೈಕೋ ಸಂಸ್ಥೆಯ ಪ್ಲಗ್ಗನ್ನು ಸ್ಕೂಟರಿನಿಂದ ತೆಗೆದು ಮರಳುಕಾಗದದಿಂದ ಉಜ್ಜಿ ಮರಳಿ ಹಾಕದ ಕನ್ನಡಿಗರ ಮನೆ ಒಂದು ಕಾಲಕ್ಕೆ ಅಪರೂಪವಾಗಿತ್ತು. ಆದುದರಿಂದ ಅದರ ರೂಪವನ್ನು ವರ್ಣಿಸುವ ಅಗತ್ಯವಿಲ್ಲ. ಒಳಗೆ ಪಿಂಗಾಣಿ, ಹೊರಗೆ ಉಕ್ಕಿನ ಕವಚ, ಅದು ಹೋಗಿ ಕೂರುವುದು ಅಲ್ಯೂಮಿನಿಯಮ್ಮಿನ ಸಿಲಿಂಡರು ತಲೆಯಲ್ಲಿ. ಹದಿನಾಲ್ಕು ಮಿಲಿಮೀಟರು ಥ್ರೆಡ್ಡಿನ, ವಾಷರುಳ್ಳ ಪ್ಲಗ್ಗಿಗೆ ಅಂತಹ ತಲೆಯಲ್ಲಿ ಸಾಮಾನ್ಯವಾಗಿ 25ರಿಂದ 30 ನ್ಯೂಟನ್ ಮೀಟರು ಸಾಕು. ಹನ್ನೆರಡು ಮಿಲಿಮೀಟರಿನದಕ್ಕೆ 15ರಿಂದ 20, ಹತ್ತು ಮಿಲಿಮೀಟರಿನದಕ್ಕೆ ಹತ್ತು ಹನ್ನೆರಡು. ಬೇಕಾದ ಬಿಗಿ ಬಂದೊಡನೆ ಟಕ್ಕೆನ್ನುವ ಅಳತೆಯ ರೆಂಚು, ಅಂದರೆ ಟಾರ್ಕ್ ರೆಂಚು, ಇಲ್ಲದವನು ಹೊಸ ಪ್ಲಗ್ಗನ್ನು ಬೆರಳಿನಿಂದ ತಿರುಗಿಸಿ, ಅದು ನಿಂತಲ್ಲಿಂದ ಅರ್ಧ ಸುತ್ತು, ಹೆಚ್ಚೆಂದರೆ ಮೂರರಲ್ಲಿ ಎರಡು ಪಾಲು ಸುತ್ತು ತಿರುಗಿಸಿದರೆ ಸಾಕು. ವಾಷರಿಲ್ಲದೆ ಇಳಿಜಾರಾಗಿ ಕೂರುವ ಜಾತಿಯ ಪ್ಲಗ್ಗಿಗೆ ಒಂದು ಸುತ್ತಿನ ಹದಿನಾರನೆಯ ಒಂದು ಭಾಗ ಮಾತ್ರ. ಇದಕ್ಕಿಂತ ಹೆಚ್ಚಿದರೆ ಕವಚವು ಹಿಗ್ಗಿ ಪಿಂಗಾಣಿಯ ಹಿಡಿತ ಸಡಿಲಾಗಬಹುದು, ಇಲ್ಲವೆ ಮುಂದಿನ ಸಲ ಬಿಚ್ಚುವಾಗ ತಲೆಯ ಥ್ರೆಡ್ಡೇ ಪ್ಲಗ್ಗಿನೊಡನೆ ಕಿತ್ತುಬರಬಹುದು. ಹಾಗೆ ಕಿತ್ತುಬಂದರೆ, ರಂಧ್ರವನ್ನು ದೊಡ್ಡದಾಗಿ ಕೊರೆದು ಹೆಲಿಕಾಯಿಲ್ ಎಂಬ ಉಕ್ಕಿನ ಸುರುಳಿಯನ್ನು ಕೂರಿಸುವ, ಕೆಲವೊಮ್ಮೆ ತಲೆಯನ್ನೇ ಇಳಿಸಬೇಕಾಗುವ ದೀರ್ಘ ಚಿಕಿತ್ಸೆಯ ವಿನಾ ಗತ್ಯಂತರವಿಲ್ಲ.

ಇಲ್ಲಿಯೇ ಕತಾರಿನ ಬೇಸಿಗೆಯು ನಮ್ಮ ವಿಷಯದೊಳಕ್ಕೆ ಪ್ರವೇಶಿಸುತ್ತದೆ. ಪ್ಲಗ್ಗನ್ನು ತಣ್ಣಗಾದ ಎಂಜಿನಿನಲ್ಲಿಯೇ ಬಿಚ್ಚಬೇಕು, ಬಿಗಿಯಬೇಕು. ಏಕೆಂದರೆ ಒಂದೇ ಶಾಖಕ್ಕೆ ಅಲ್ಯೂಮಿನಿಯಮ್ಮು ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುವ ಲೋಹ, ಮತ್ತು ಬಿಸಿಯಲ್ಲಿ ಅದರ ಥ್ರೆಡ್ಡು ಮೃದುವಾಗಿಯೂ ಇರುತ್ತದೆ. ಓಡಿಬಂದ ಎಂಜಿನಿನ ಶಾಖ ತೊಂಬತ್ತು ಡಿಗ್ರಿಯೆಂದಿಟ್ಟುಕೊಳ್ಳಿ. ಇಪ್ಪತ್ತೈದು ಡಿಗ್ರಿ ಹವೆಯ ಬೆಂಗಳೂರಿನಲ್ಲಿ ಅದು ಐವತ್ತಕ್ಕೆ ಇಳಿಯಲು ಹಿಡಿಯುವ ಕಾಲಕ್ಕೂ, ನಲವತ್ತೈದು ಡಿಗ್ರಿಯ ದೋಹಾದಲ್ಲಿ ಅಷ್ಟೇ ಇಳಿಯಲು ಹಿಡಿಯುವ ಕಾಲಕ್ಕೂ ಹೋಲಿಕೆಯೇ ಇಲ್ಲ. ವಸ್ತುವಿನ ಶಾಖವು ಸುತ್ತಣ ಹವೆಯ ಶಾಖವನ್ನು ಸಮೀಪಿಸಿದಂತೆಲ್ಲ ತಣಿಯುವ ವೇಗವೂ ಕುಗ್ಗುವುದೆಂಬ ನ್ಯೂಟನ್ನನ ನಿಯಮದಂತೆ ಗಣಿಸಿದರೆ, ಇಲ್ಲಿ ಬೆಂಗಳೂರಿನ ಎರಡು ಪಟ್ಟಿಗೂ ಹೆಚ್ಚು ಕಾಲ ಬೇಕು. ಅಷ್ಟು ಹೊತ್ತು ಕಾಯುವ ವ್ಯವಧಾನವು ಯಾರಿಗಿದೆ? ಗಾಡಿಯ ಯಜಮಾನನು ಹವಾನಿಯಂತ್ರಿತ ಕೋಣೆಯ ಗಾಜಿನ ಹಿಂದೆ ನಿಂತು ಗಡಿಯಾರ ನೋಡುತ್ತಿರುತ್ತಾನೆ; ಮೆಕ್ಯಾನಿಕನು ಕೈಗವಸು ತೊಟ್ಟು ಕುದಿಯುವ ಎಂಜಿನಿನೊಳಕ್ಕೆ ಕೈ ಹಾಕುತ್ತಾನೆ. ತೆರೆದ ಬಯಲಿನಲ್ಲಿ ದುಡಿಯುವವರಿಗೆ ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ ಬೆಳಗಿನ ಹತ್ತರಿಂದ ಮಧ್ಯಾಹ್ನ ಮೂರೂವರೆಯ ತನಕ ಕೆಲಸ ಮಾಡಿಸಕೂಡದೆಂಬ ಕಟ್ಟಳೆ 2021ರಿಂದ ಜಾರಿಯಲ್ಲಿದೆ. ಸೂರಿನಡಿಯ ಗ್ಯಾರೇಜಿಗೆ ಬಿಸಿಲು ತಾಗದಿದ್ದರೂ ಸೆಕೆಯು ತಪ್ಪಿದ್ದಲ್ಲ. ಬೆವರಿನಿಂದ ಜಾರುವ ಅಂಗೈಗೆ ಬಿಗಿಯ ಅಂದಾಜು ಹೇಗೆ ಸಿಕ್ಕೀತು? ಅನುಭವಿಯ ಕೈಯೇ ಅಳತೆಗೋಲೆಂದು ವಾದಿಸುವ ಹಿರಿಯ ಮೇಸ್ತ್ರಿಗಳನ್ನು ನಾನು ಗೌರವಿಸುತ್ತೇನೆ. ಆದರೆ ಆ ಕೈ ಮುಂಜಾನೆ ಕೊಡುವ ಬಿಗಿಯೂ ದಣಿದ ಸಂಜೆ ಕೊಡುವ ಬಿಗಿಯೂ ಒಂದೇ ಅಲ್ಲವೆಂಬುದನ್ನು ಅವರೂ ಬಲ್ಲರು.

ಧೂಳಿನ ಪ್ರಶ್ನೆಯು ಇದಕ್ಕಿಂತಲೂ ಗಹನವಾದುದು. ನಾವು ಬೋಲ್ಟಿಗೆ ಕೊಡುವ ತಿರುಚುಬಲವನ್ನು ನೂರು ಪಾಲು ಮಾಡಿದರೆ, ಸುಮಾರು ಐವತ್ತು ಪಾಲು ತಲೆಯ ಕೆಳಗಿನ ತಿಕ್ಕಾಟದಲ್ಲಿಯೂ ನಲವತ್ತು ಪಾಲು ಥ್ರೆಡ್ಡಿನ ತಿಕ್ಕಾಟದಲ್ಲಿಯೂ ವ್ಯಯವಾಗಿ, ಬೋಲ್ಟನ್ನು ಹಿಗ್ಗಿಸಲು ಉಳಿಯುವುದು ಕೇವಲ ಹತ್ತು ಪಾಲು. ಆ ಹತ್ತೇ ನಮಗೆ ಬೇಕಾದ ಹಿಡಿತ. ಶಮಾಲ್ ಗಾಳಿಯು ತಂದ ನುಣ್ಣನೆಯ ಮರಳಾಗಲಿ, ಕಡಲಿನ ಲವಣಾಂಶದಿಂದ ಹುಟ್ಟಿದ ತುಕ್ಕಾಗಲಿ ಥ್ರೆಡ್ಡಿನಲ್ಲಿ ಸೇರಿಕೊಂಡರೆ ತಿಕ್ಕಾಟವು ಹೆಚ್ಚಿ, ರೆಂಚು ‘ಸಾಕು’ ಎಂದಾಗ ಬೋಲ್ಟಿಗೆ ನಿಜವಾದ ಬಿಗಿಯು ಬಂದೇ ಇರುವುದಿಲ್ಲ. ಇದಕ್ಕೆ ವಿರುದ್ಧವಾಗಿ, ಸರಾಗವಾಗಿ ತಿರುಗಲೆಂದು ಥ್ರೆಡ್ಡಿಗೆ ಆಯಿಲು ಸವರಿದರೆ ತಿಕ್ಕಾಟವು ಕುಗ್ಗಿ, ರೆಂಚು ಅದೇ ಅಂಕೆಯನ್ನು ತೋರಿಸುತ್ತಿರುವಾಗಲೇ ಬೋಲ್ಟಿನ ಎಳೆತವು ಮೂರನೆಯ ಒಂದು ಪಾಲಿನಷ್ಟು ಮಿಕ್ಕಿಹೋಗಬಹುದು. ಪ್ಲಗ್ಗಿನ ಥ್ರೆಡ್ಡಿಗೆ ಗ್ರೀಸು ಹಚ್ಚಬೇಡಿರೆಂದು ತಯಾರಕರು ಎಚ್ಚರಿಸುವುದು ಇದಕ್ಕಾಗಿಯೇ. ಪುಸ್ತಕದಲ್ಲಿ ಬರೆದ ಅಂಕೆಯು ಪುಸ್ತಕದಲ್ಲಿ ಬರೆದ ಸ್ಥಿತಿಗೆ ಮಾತ್ರ ಅನ್ವಯಿಸುವುದು: ಒಣ ಥ್ರೆಡ್ಡೆಂದರೆ ಒಣಗಿದ್ದೇ, ಆಯಿಲು ಹಚ್ಚಿದ್ದೆಂದರೆ ಹಚ್ಚಿದ್ದೇ. ಆದಕಾರಣ ಬಿಗಿಯುವ ಮುನ್ನ ಒಂದು ತಂತಿಯ ಬ್ರಷ್ಷು, ಒಂದು ಒಣಬಟ್ಟೆ, ಒಂದಿಷ್ಟು ಗಾಳಿಯ ಊದು, ಇವಿಲ್ಲದೆ ಎಷ್ಟು ಬೆಲೆಬಾಳುವ ಉಪಕರಣವಿದ್ದರೂ ಫಲವಿಲ್ಲ.

ಉಳಿದ ಭಾಗಗಳನ್ನು ಶೀಘ್ರವಾಗಿ ದಾಟೋಣ. ಈಚಿನ ಅನೇಕ ಗಾಡಿಗಳಲ್ಲಿ ಆಯಿಲ್ ಫಿಲ್ಟರಿನ ಮುಚ್ಚಳವು ಪ್ಲಾಸ್ಟಿಕ್ಕಿನದು. ಅದರ ಬೆನ್ನಿನ ಮೇಲೆಯೇ 25 ನ್ಯೂಟನ್ ಮೀಟರೆಂದು ಅಚ್ಚೊತ್ತಿರುವುದನ್ನು ನೋಡಬಹುದು. ಸೋರಿಕೆಯನ್ನು ತಡೆಯುವುದು ಅದರ ರಬ್ಬರು ಉಂಗುರವೇ ಹೊರತು ನಮ್ಮ ತೋಳಿನ ಬಲವಲ್ಲ. ಬ್ಯಾಟರಿಯ ತುದಿಗಳು ಸೀಸದವು, ಉಗುರಿನಿಂದ ಗೀರಬಹುದಾದಷ್ಟು ಮೆತ್ತಗಿನ ಲೋಹದವು. ಐದಾರು ನ್ಯೂಟನ್ ಮೀಟರಿಗೆ ಮಿಕ್ಕಿದರೆ ಕಂಬವು ತಿರುಚಿ ಬುಡದಲ್ಲಿ ಬಿರುಕು ಬಿಡಬಹುದು. ಈ ದೇಶದ ಉರಿಯಲ್ಲಿ ಮೊದಲೇ ಅಲ್ಪಾಯುವಾದ ಬ್ಯಾಟರಿಯು ಮತ್ತಷ್ಟು ಅಲ್ಪಾಯುವಾಗುವುದು. ಏಸಿಯ ಕೊಳವೆಗಳಂತೂ ತೆಳುವಾದ ಅಲ್ಯೂಮಿನಿಯಮ್ಮಿನವು. ಕೀಲನ್ನು ಬಿಗಿಯುವಾಗ ಒಂದು ಸ್ಪ್ಯಾನರಿನಿಂದ ಹಿಂದಿನ ನಟ್ಟನ್ನು ಹಿಡಿದುಕೊಂಡು ಇನ್ನೊಂದರಿಂದ ಮುಂದಿನದನ್ನು ತಿರುಗಿಸದಿದ್ದರೆ ಕೊಳವೆಯೇ ಮುರುಟಿಕೊಳ್ಳುವುದು; ಅತಿಯಾಗಿ ಬಿಗಿದರೆ ಓ-ರಿಂಗು ಜಜ್ಜಿಹೋಗಿ ಗ್ಯಾಸು ಮೆಲ್ಲಮೆಲ್ಲನೆ ಹೊರಟುಹೋಗುವುದು. ಜುಲೈ ತಿಂಗಳಲ್ಲಿ ಮಕ್ಕಳನ್ನು ಶಾಲೆಯಿಂದಲೋ ವಿಮಾನ ನಿಲ್ದಾಣದಿಂದಲೋ ಕರೆತರುವ ತಾಯಿತಂದೆಗಳಿಗೆ ಆ ಗ್ಯಾಸಿನ ಬೆಲೆ ಏನೆಂಬುದನ್ನು ನಾನು ಹೇಳಬೇಕಾದುದಿಲ್ಲ.

ಬಿಗಿಯ ವಿದ್ಯೆಯಲ್ಲಿ ಪಾರಂಗತರಾದವರೂ ಕ್ಷಣಾರ್ಧದಲ್ಲಿ ಎಡವುವುದುಂಟು. 2021ರ ಮೇ 23ರಂದು ಮೊನಾಕೋದಲ್ಲಿ ನಡೆದ ಫಾರ್ಮುಲಾ ಒನ್ ಪಂದ್ಯದಲ್ಲಿ, ಎರಡನೆಯ ಸ್ಥಾನದಲ್ಲಿ ಓಡುತ್ತಿದ್ದ ವಾಲ್ಟೆರಿ ಬೊಟ್ಟಾಸ್ ಎಂಬಾತನ ಮರ್ಸಿಡಿಸ್ ಗಾಡಿಯು ಟಯರು ಬದಲಿಸಲು ನಿಂತಾಗ, ಚಕ್ರದ ಏಕೈಕ ನಟ್ಟಿನ ಮೇಲೆ ಗನ್ನು ಕೊಂಚ ಓರೆಯಾಗಿ ಕುಳಿತಿತು. ಗನ್ನು ಭರದಿಂದ ತಿರುಗಿದೊಡನೆ ನಟ್ಟಿನ ಹಲ್ಲುಗಳೆಲ್ಲ ಅರೆದು ನುಣುಪಾಗಿಹೋದುವು; ಚಕ್ರವು ಕದಲಲೇ ಇಲ್ಲ; ಪಂದ್ಯವು ಅಲ್ಲಿಗೇ ಮುಗಿಯಿತು. ಕೊನೆಗೆ ಆ ಚಕ್ರವು ಬಿಡುಗಡೆಯಾದುದು ಎರಡು ದಿನಗಳ ತರುವಾಯ, ಇಂಗ್ಲೆಂಡಿನ ಅವರ ಕಾರ್ಖಾನೆಯಲ್ಲಿ. ಅದೇ ವರ್ಷದ ನವೆಂಬರಿನಲ್ಲಿ ದೋಹಾದ ಉತ್ತರಕ್ಕಿರುವ ಲುಸೈಲ್ ಪಥದಲ್ಲಿ ಕತಾರಿನ ಮೊದಲ ಫಾರ್ಮುಲಾ ಒನ್ ಪಂದ್ಯವು ಜರುಗಿದಾಗ, ಎರಡು ಮೂರು ಸೆಕೆಂಡುಗಳಲ್ಲಿ ನಾಲ್ಕು ಚಕ್ರಗಳನ್ನು ಬದಲಿಸುವ ಆ ಕೈಚಳಕವನ್ನು ನಮ್ಮವರೂ ಕಣ್ಣಾರೆ ಕಂಡು ಬೆರಗಾದರು. ಬೆರಗು ಯೋಗ್ಯವಾದುದೇ, ಆದರೆ ಆ ವೇಗವನ್ನು ಸನಾಯಿಯಾದ ಗ್ಯಾರೇಜಿನಿಂದ ಅಪೇಕ್ಷಿಸುವುದು ಸಲ್ಲದು. ಪಂದ್ಯದಲ್ಲಿ ಒಂದೊಂದು ಚಕ್ರಕ್ಕೆ ಹಲವು ಮಂದಿ, ವರ್ಷವಿಡೀ ಅಭ್ಯಾಸ. ಇಲ್ಲಿ ನಾಲ್ಕು ಗಾಡಿಗಳಿಗೆ ಒಬ್ಬನೇ ಹುಡುಗ.

ನನ್ನನ್ನು ಬಹುಕಾಲ ಕಾಡಿರುವ ಸಂಗತಿಯೊಂದಿದೆ. ಕತಾರಿನ ರಾಸ್ ಲಫಾನ್ ಬಂದರಿನ ಅನಿಲ ಸ್ಥಾವರಗಳಲ್ಲಿ ನಮ್ಮ ಕನ್ನಡಿಗ ಎಂಜಿನಿಯರುಗಳೂ ಫಿಟ್ಟರುಗಳೂ ದುಡಿಯುತ್ತಾರೆ. 1996ರ ಕೊನೆಯಲ್ಲಿ ಜಪಾನಿಗೆ ಮೊದಲ ದ್ರವಾನಿಲದ ಹಡಗು ಹೊರಟ ಆ ಬಂದರಿನಲ್ಲಿ, ಕೊಳವೆಗಳನ್ನು ಕೂಡಿಸುವ ಒಂದು ಫ್ಲೇಂಜನ್ನು ಜೋಡಿಸಬೇಕಾದರೆ ಬೋಲ್ಟುಗಳಿಗೆ ಅಂಕೆ ಬರೆದು, ಪೂರ್ಣಬಿಗಿಯ ಮೂರನೆಯ ಒಂದು ಪಾಲು, ಮೂರನೆಯ ಎರಡು ಪಾಲು, ಪೂರ್ಣ ಎಂಬಂತೆ ಹಂತಹಂತವಾಗಿ, ಎದುರುಬದುರಾಗಿ ಬಿಗಿದು, ಕಡೆಗೆ ಕಾಗದದಲ್ಲಿ ದಾಖಲಿಸಿ ರುಜು ಹಾಕುತ್ತಾರೆ. ಹೀಗೆ ರುಜು ಹಾಕಿದ ಕೈಯೇ ಗುರುವಾರ ಸಂಜೆ ತನ್ನ ಸ್ವಂತ ಗಾಡಿಯ ಬೀಗದ ಕೈಯನ್ನು ಗ್ಯಾರೇಜಿನ ಮೇಜಿನ ಮೇಲಿಟ್ಟು, ‘ಅರ್ಧ ಗಂಟೆಯಲ್ಲಿ ಆಗಬೇಕು, ಚೆನ್ನಾಗಿ ಟೈಟ್ ಮಾಡಿ’ ಎನ್ನುತ್ತದೆ. ಸ್ಥಾವರದ ಬೋಲ್ಟಿಗೆ ಸಲ್ಲುವ ಶ್ರದ್ಧೆಯು ಹೆಂಡತಿ ಮಕ್ಕಳು ಕುಳಿತು ಹೋಗುವ ಗಾಡಿಯ ಬೋಲ್ಟಿಗೆ ಏಕೆ ಸಲ್ಲಬಾರದು? ದೋಷವು ಮೆಕ್ಯಾನಿಕನದೆಂದು ನಾನು ಒಪ್ಪಲಾರೆನು. ಅವನಿಗೆ ಅಳತೆಯನ್ನೂ ಕೊಡದೆ ಹೊತ್ತನ್ನೂ ಕೊಡದೆ, ಸಡಿಲವಾದರೆ ಮಾತ್ರ ಬೈಯುತ್ತ ಬಂದವರು ನಾವು. ಎರಡರಲ್ಲೊಂದು ತಪ್ಪಲೇಬೇಕಾದಾಗ ಅವನು ಅತಿಬಿಗಿಯ ತಪ್ಪನ್ನೇ ಆರಿಸಿಕೊಂಡದ್ದು ಸಹಜ.

ಹೀಗಲ್ಲದ ಗ್ಯಾರೇಜುಗಳೂ ಇವೆ. ಅಂತಹ ಒಂದೆಡೆ, ಕಾಸರಗೋಡಿನ ಕಡೆಯ ವಯಸ್ಸಾದ ಮೇಸ್ತ್ರಿಯೊಬ್ಬರ ಬಳಿಯಲ್ಲಿ, ಊರಿನಿಂದ ಹೊಸದಾಗಿ ಬಂದ ಹುಡುಗನೊಬ್ಬನು ಟಾರ್ಕ್ ರೆಂಚು ಹಿಡಿದು ಕಲಿಯುತ್ತಿದ್ದುದನ್ನು ನಿಂತು ನೋಡಿದ್ದೇನೆ. ರೆಂಚು ಟಕ್ಕೆಂದಿತು. ಹುಡುಗನಿಗೆ ನಂಬಿಕೆ ಬರಲಿಲ್ಲ.

“ಇಷ್ಟೇ ಸಾಕಾ ಅಣ್ಣ? ಇನ್ನೊಂಚೂರು ಎಳೀಲಾ?”

“ಬೇಡ ಮಾರಾಯ. ಅದು ಟಕ್ ಅಂತು ಅಲ್ವಾ? ಮತ್ತೆ ನೀನು ಎಳೆದದ್ದು ಅದಕ್ಕೆ ಅಲ್ಲ, ನಿನ್ನ ಸಮಾಧಾನಕ್ಕೆ.”

ಹುಡುಗನು ಕೈ ತೆಗೆದನು; ಮೇಸ್ತ್ರಿಯವರು ಆ ನಟ್ಟಿನ ಮೇಲೆ ಬಿಳಿಯ ಬಣ್ಣದಿಂದ ಒಂದು ಗೆರೆ ಎಳೆದು ಮುಂದಿನದಕ್ಕೆ ಹೋದರು. ಆ ಗೆರೆಯು ಎರಡು ಕೆಲಸ ಮಾಡುತ್ತದೆ: ಈ ನಟ್ಟು ಮುಗಿಯಿತೆಂದು ಹೇಳುವುದೊಂದು, ಮುಂದೆ ನಟ್ಟು ತಾನಾಗಿ ತಿರುಗಿದ್ದರೆ ತೋರಿಸಿಕೊಡುವುದು ಇನ್ನೊಂದು.

ಕಡೆಯದಾಗಿ ಟಾರ್ಕ್ ರೆಂಚಿನ ಆರೈಕೆಯ ಕುರಿತು ಎರಡು ಮಾತು. ಟಕ್ಕೆನ್ನುವ ರೆಂಚಿನ ಒಳಗಿರುವುದೂ ಒಂದು ಸ್ಪ್ರಿಂಗೇ ಆದುದರಿಂದ, ಕೆಲಸ ಮುಗಿದ ಮೇಲೆ ಅದನ್ನು ಅತ್ಯಂತ ಕೆಳಗಿನ ಅಂಕೆಗೆ ತಿರುಗಿಸಿ ಇಡಬೇಕು. ಬಿಗಿದುದನ್ನು ಬಿಚ್ಚಲು ಅದನ್ನು ಬಳಸಕೂಡದು. ನೆಲಕ್ಕೆ ಬಿದ್ದರೆ ಪರೀಕ್ಷೆ ಮಾಡಿಸದೆ ನಂಬಕೂಡದು. ಬೀಳದಿದ್ದರೂ ವರ್ಷಕ್ಕೊಮ್ಮೆ, ಅಥವಾ ಐದು ಸಾವಿರ ಸಲ ಬಳಸಿದ ಬಳಿಕ, ಅಳತೆಯನ್ನು ಸರಿನೋಡಿಸಬೇಕು. ಚಕ್ರಕ್ಕೆ ಬಳಸುವ ದೊಡ್ಡ ರೆಂಚು ಹತ್ತು ನ್ಯೂಟನ್ ಮೀಟರಿನ ಸಣ್ಣ ಬೋಲ್ಟಿಗೆ ಸಲ್ಲದು. ಅದಕ್ಕೆ ಬೇರೆಯೇ ಆದ ಚಿಕ್ಕ ರೆಂಚು ಬೇಕು. ಅನೇಕ ಗ್ಯಾರೇಜುಗಳಲ್ಲಿ ಈ ಚಿಕ್ಕ ರೆಂಚು ಇರುವುದೇ ಇಲ್ಲ. ಇದ್ದಲ್ಲಿಯೂ ಬೆಲೆಬಾಳುವ ವಸ್ತುವೆಂದು ಯಜಮಾನರ ಕೋಣೆಯ ಕಪಾಟಿನಲ್ಲಿ ಬೀಗದೊಳಗೆ ಇರುತ್ತದೆ. ಅದನ್ನು ಕಪಾಟಿನಿಂದ ತೆಗೆದು, ಗಾಡಿ ನಿಲ್ಲಿಸುವ ಜಾಗದ ಪಕ್ಕದ ಗೋಡೆಗೆ, ಎಲ್ಲಕ್ಕಿಂತ ಕಿರಿಯ ಹುಡುಗನ ಕೈಗೂ ಎಟುಕುವ ಎತ್ತರದಲ್ಲಿ ತೂಗುಹಾಕಬೇಕೆಂಬುದು ಗ್ಯಾರೇಜುಗಳ ಯಜಮಾನರಲ್ಲಿ ನನ್ನ ವಿನಂತಿ. ಈ ಭಾಷಣವನ್ನು ಕೇಳುತ್ತಿರುವ ಗಾಡಿಯ ಮಾಲಿಕರಲ್ಲಿ ಇರುವ ವಿನಂತಿಯಾದರೋ, ಮುಂದಿನ ಸರ್ವಿಸಿಗೆ ಹೋದಾಗ ಒಂದು ಗಂಟೆ ಹೆಚ್ಚಾಗಿ ಕಾಯಲು ಸಿದ್ಧರಾಗಿ ಹೋಗಬೇಕೆಂಬುದು.